ಯಾನಿಸ್ ಆಡೆಟೊಕುಂಬೊ

ಯಾನಿಸ್ ಆಡೆಟೊಕುಂಬೊ (ಜನನ: ಡಿಸೆಂಬರ್ 6, 1994) ಗ್ರೀಸ್ ದೇಶದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಗಾರ. ನೈಜೀರಿಯಾದಿಂದ ವಲಸೆ ಬಂದ ದಂಪತಿಯ ಮಗನಾಗಿ ಅಥೆನ್ಸ್ ನಗರದಲ್ಲಿ ಜನಿಸಿದ ಇವರು, ಹದಿನೆಂಟನೆಯ ವಯಸ್ಸಿನವರೆಗೆ ಯಾವ ದೇಶದ ಪೌರತ್ವವನ್ನೂ ಹೊಂದಿರಲಿಲ್ಲ. ಬಾಲ್ಯದಲ್ಲಿ ಅಥೆನ್ಸ್‌ನ ಬೀದಿಗಳಲ್ಲಿ ಕೈಗಡಿಯಾರ, ತಂಪು ಕನ್ನಡಕಗಳನ್ನು ಮಾರಿ ಮನೆಯವರಿಗೆ ನೆರವಾಗುತ್ತಿದ್ದ ಇವರು 2013ರಲ್ಲಿ ಅಮೆರಿಕದ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯ (ಎನ್‌ಬಿಎ) ಮಿಲ್ವಾಕೀ ಬಕ್ಸ್ ತಂಡವನ್ನು ಸೇರಿದರು. 2019 ಮತ್ತು 2020ರಲ್ಲಿ ಎನ್‌ಬಿಎಯ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದರು. 2021ರಲ್ಲಿ ತಮ್ಮ ತಂಡಕ್ಕೆ 50 ವರ್ಷಗಳ ನಂತರ ಚಾಂಪಿಯನ್ ಪಟ್ಟ ಗಳಿಸಿಕೊಟ್ಟರು. ಎತ್ತರದ ಮೈಕಟ್ಟು ಮತ್ತು ಅಸಾಧಾರಣ ವೇಗದ ಕಾರಣದಿಂದ ಅಭಿಮಾನಿಗಳು ಇವರನ್ನು 'ಗ್ರೀಕ್ ಫ್ರೀಕ್' ಎಂಬ ಅಡ್ಡಹೆಸರಿನಿಂದ ಕರೆಯುತ್ತಾರೆ.

## ಹೆಸರು

ಕುಟುಂಬದ ಮೂಲ ಹೆಸರು ಆಡೆಟೊಕುನ್‌ಬೊ. ಇದು ನೈಜೀರಿಯಾದ ಯೊರುಬಾ ಭಾಷೆಯ ಹೆಸರು. 'ಕಿರೀಟವು ಸಾಗರದಾಚೆಯಿಂದ ಮರಳಿ ಬಂದಿದೆ' ಎಂಬುದು ಇದರ ಅರ್ಥ. ಇಂದಿನ ಗ್ರೀಕ್ ಲಿಪಿಯಲ್ಲಿ 'ಡ' ಮತ್ತು 'ಬ' ಧ್ವನಿಗಳಿಗೆ ಒಂಟಿ ಅಕ್ಷರಗಳಿಲ್ಲ. 'ನ್' ಮತ್ತು 'ಟ' ಅಕ್ಷರಗಳನ್ನು ಜೊತೆಯಾಗಿ ಬರೆದು 'ಡ' ಎಂದೂ, 'ಮ್' ಮತ್ತು 'ಪ' ಅಕ್ಷರಗಳನ್ನು ಜೊತೆಯಾಗಿ ಬರೆದು 'ಬ' ಎಂದೂ ಓದುವುದು ಅಲ್ಲಿನ ರೂಢಿ. ಗ್ರೀಕ್ ದಾಖಲೆಗಳಲ್ಲಿದ್ದ ಈ ಬರವಣಿಗೆಯನ್ನು ಪಾಸ್‌ಪೋರ್ಟ್‌ಗಾಗಿ ಅಕ್ಷರಕ್ಕೆ ಅಕ್ಷರದಂತೆ ರೋಮನ್ ಲಿಪಿಗೆ ತಿರುಗಿಸಿದ್ದರಿಂದ, ಹೆಸರು 'ಆಂಟೆಟೊಕೌನ್ಂಪೊ' ಎಂದು ಓದಿಸಿಕೊಳ್ಳುವಂತಾಯಿತು. ಭಾರತದ ಪತ್ರಿಕೆಗಳಲ್ಲಿ 'ಗಿಯಾನಿಸ್ ಆಂಟೆಟೊಕೌನ್ಂಪೊ' ಎಂಬ ರೂಪ ಕಾಣಿಸಿಕೊಳ್ಳುವುದು ಈ ಕಾರಣದಿಂದಲೇ. ಗ್ರೀಕರ ಉಚ್ಚಾರಣೆಯಲ್ಲಿ ಮೊದಲ ಹೆಸರು 'ಯಾನಿಸ್'. ಕುಲನಾಮವು ಮೂಲ ಯೊರುಬಾ ಹೆಸರಿಗೆ ಬಹಳ ಸಮೀಪವಾಗಿದೆ.

## ಕುಟುಂಬ ಮತ್ತು ಬಾಲ್ಯ

ಯಾನಿಸ್ ಅವರ ತಂದೆ ಚಾರ್ಲ್ಸ್ ಯೊರುಬಾ ಸಮುದಾಯಕ್ಕೂ ತಾಯಿ ವೆರೋನಿಕಾ ಇಗ್ಬೊ ಸಮುದಾಯಕ್ಕೂ ಸೇರಿದವರು. ತಂದೆ ಫುಟ್ಬಾಲ್ ಆಟಗಾರರಾಗಿದ್ದರು. ತಾಯಿ ಎತ್ತರ ಜಿಗಿತದ ಸ್ಪರ್ಧಿಯಾಗಿದ್ದರು. ಉದ್ಯೋಗವನ್ನು ಅರಸಿ ಈ ದಂಪತಿ 1991ರಲ್ಲಿ ಲಾಗೋಸ್ ನಗರವನ್ನು ತೊರೆದು ಗ್ರೀಸಿಗೆ ಬಂದರು. ಹೊರಡುವಾಗ ಹಿರಿಯ ಮಗ ಫ್ರಾನ್ಸಿಸ್‌ನನ್ನು ನೈಜೀರಿಯಾದಲ್ಲಿ ಅಜ್ಜ ಅಜ್ಜಿಯರ ಬಳಿ ಬಿಟ್ಟಿದ್ದರು. ಥನಾಸಿಸ್ (1992), ಯಾನಿಸ್ (1994), ಕೋಸ್ಟಾಸ್ (1997) ಮತ್ತು ಅಲೆಕ್ಸ್ (2001) ಎಂಬ ನಾಲ್ವರು ಗಂಡುಮಕ್ಕಳು ಅಥೆನ್ಸ್‌ನಲ್ಲಿ ಹುಟ್ಟಿದರು.

ಕುಟುಂಬವು ಅಥೆನ್ಸ್‌ನ ಸೆಪೋಲಿಯಾ ಬಡಾವಣೆಯಲ್ಲಿ ನೆಲೆಸಿತು. ವಾಸದ ಪರವಾನಗಿಯ ತೊಡಕುಗಳಿಂದಾಗಿ ತಂದೆ ತಾಯಿಗೆ ಸ್ಥಿರವಾದ ಉದ್ಯೋಗ ದೊರೆಯುವುದು ಕಷ್ಟವಾಗಿತ್ತು. ಸಿಕ್ಕಿದ ಕೂಲಿ ಕೆಲಸಗಳ ಜೊತೆಗೆ ಬೀದಿ ವ್ಯಾಪಾರವೂ ಮನೆಯ ಆದಾಯದ ದಾರಿಯಾಗಿತ್ತು. ಥನಾಸಿಸ್ ಮತ್ತು ಯಾನಿಸ್ ಚಿಕ್ಕ ವಯಸ್ಸಿನಿಂದಲೇ ಕೈಗಡಿಯಾರ, ಕೈಚೀಲ, ತಂಪು ಕನ್ನಡಕ ಹಾಗೂ ಸಿ.ಡಿ.ಗಳನ್ನು ಮಾರುತ್ತಿದ್ದರು. ಬಾಡಿಗೆ ಕಟ್ಟಲಾಗದೆ ಮನೆ ಬದಲಾಯಿಸಬೇಕಾದ ಸಂದರ್ಭಗಳನ್ನೂ, ಊಟಕ್ಕೆ ಕೊರತೆಯಾದ ದಿನಗಳನ್ನೂ ಯಾನಿಸ್ ಅನಂತರ ಹಲವು ಸಂದರ್ಶನಗಳಲ್ಲಿ ನೆನಪಿಸಿಕೊಂಡಿದ್ದಾರೆ.

## ಪೌರತ್ವದ ಪ್ರಶ್ನೆ

ಗ್ರೀಸಿನಲ್ಲಿ ಪೌರತ್ವವು ಸಾಂಪ್ರದಾಯಿಕವಾಗಿ ರಕ್ತಸಂಬಂಧವನ್ನು ಆಧರಿಸಿದೆ. ಆ ನೆಲದಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ದೊರೆಯುವುದಿಲ್ಲ. ಆದ್ದರಿಂದ ಅಥೆನ್ಸ್‌ನಲ್ಲಿ ಹುಟ್ಟಿ, ಅಲ್ಲಿಯೇ ಶಾಲೆ ಕಲಿತು, ಗ್ರೀಕ್ ಭಾಷೆಯಾಡುತ್ತ ಬೆಳೆದರೂ ಯಾನಿಸ್ ಮತ್ತು ಅವರ ಸಹೋದರರು ಕಾನೂನಿನ ದೃಷ್ಟಿಯಲ್ಲಿ ಗ್ರೀಕರಾಗಿರಲಿಲ್ಲ. ಅವರ ಬಳಿ ನೈಜೀರಿಯಾದ ಪೌರತ್ವದ ಕಾಗದಪತ್ರಗಳೂ ಇರಲಿಲ್ಲ. ಹೀಗೆ ಅವರು ಎರಡು ದೇಶಗಳ ನಡುವೆ ಯಾವುದಕ್ಕೂ ಸೇರದವರಾಗಿ ಉಳಿದಿದ್ದರು.

ವಲಸಿಗರ ಮಕ್ಕಳಿಗೆ ಪೌರತ್ವದ ದಾರಿಯನ್ನು ತೆರೆಯುವ ಕಾಯ್ದೆಯೊಂದನ್ನು ಗ್ರೀಸ್ 2010ರಲ್ಲಿ ಜಾರಿಗೆ ತಂದಿತು. ಆದರೆ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯವು ಅದರ ಮುಖ್ಯ ಅಂಶಗಳು ಸಂವಿಧಾನಕ್ಕೆ ವಿರುದ್ಧವೆಂದು 2013ರ ಫೆಬ್ರವರಿಯಲ್ಲಿ ತೀರ್ಪು ನೀಡಿತು. ದೇಶವು ಆಗ ತೀವ್ರ ಆರ್ಥಿಕ ಬಿಕ್ಕಟ್ಟಿನಲ್ಲಿತ್ತು. ವಲಸಿಗರನ್ನು ವಿರೋಧಿಸುವ ಗೋಲ್ಡನ್ ಡಾನ್ ಪಕ್ಷವು 2012ರ ಚುನಾವಣೆಯಲ್ಲಿ ಮೊದಲ ಬಾರಿಗೆ ಸಂಸತ್ತನ್ನು ಪ್ರವೇಶಿಸಿತ್ತು, ಮತ್ತು ಅಥೆನ್ಸ್‌ನ ಬಡಾವಣೆಗಳಲ್ಲಿ ವಲಸಿಗರ ಮೇಲೆ ಹಲ್ಲೆಗಳು ನಡೆಯುತ್ತಿದ್ದವು.

ಯಾನಿಸ್ ಅವರಿಗೆ ಗ್ರೀಕ್ ಪೌರತ್ವ ದೊರೆತದ್ದು 2013ರ ಮೇ 9ರಂದು, ಎನ್‌ಬಿಎ ಆಯ್ಕೆಗೆ ಎರಡು ತಿಂಗಳೂ ಉಳಿದಿರದಾಗ. ವಿದೇಶ ಪ್ರಯಾಣಕ್ಕೆ ಅವಶ್ಯವಾದ ಪಾಸ್‌ಪೋರ್ಟ್ ಇದರಿಂದಲೇ ಸಾಧ್ಯವಾಯಿತು. ಅಣ್ಣ ಥನಾಸಿಸ್ ಅವರಿಗೂ ಅದೇ ಸಮಯದಲ್ಲಿ ಪೌರತ್ವ ದೊರೆಯಿತು. ಆ ವರ್ಷ ಪ್ರಧಾನಿ ಆಂಟೊನಿಸ್ ಸಮರಾಸ್ ಅವರು ಸಹೋದರರನ್ನು ಬರಮಾಡಿಕೊಂಡಾಗ, ಗೋಲ್ಡನ್ ಡಾನ್ ಪಕ್ಷದ ನಾಯಕ ಯಾನಿಸ್ ಅವರ ವಿರುದ್ಧ ಜನಾಂಗೀಯ ನಿಂದನೆಯ ಮಾತುಗಳನ್ನಾಡಿದರು. ಇದೇ ಪಕ್ಷವು ಅಪರಾಧ ಸಂಘಟನೆಯಾಗಿ ನಡೆಯುತ್ತಿತ್ತೆಂದು ಅಥೆನ್ಸ್‌ನ ನ್ಯಾಯಾಲಯವು 2020ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು. ವಲಸಿಗರ ಮಕ್ಕಳ ಪೌರತ್ವದ ಬಗ್ಗೆ ಗ್ರೀಸ್ 2015ರಲ್ಲಿ ಹೊಸ ಕಾಯ್ದೆಯನ್ನು ತಂದಿತು.

## ಆಟದ ಆರಂಭ

ತಂದೆಯಂತೆ ಫುಟ್ಬಾಲ್ ಆಡಬೇಕೆಂಬುದು ಬಾಲಕ ಯಾನಿಸ್ ಅವರ ಮೊದಲ ಆಸೆಯಾಗಿತ್ತು. ಸೆಪೋಲಿಯಾದ ಬೀದಿಗಳಲ್ಲಿ ಸಹೋದರರು ಆಡುತ್ತಿದ್ದುದನ್ನು 2007ರಲ್ಲಿ ಸ್ಪೈರೋಸ್ ವೆಲಿನಿಯಾಟಿಸ್ ಎಂಬ ತರಬೇತುದಾರರು ಕಂಡರು. ಹುಡುಗರ ಉದ್ದನೆಯ ಕೈಕಾಲು ಮತ್ತು ಓಟದ ಸಹಜತೆಯನ್ನು ಗಮನಿಸಿದ ಅವರು, ಮಕ್ಕಳನ್ನು ಬ್ಯಾಸ್ಕೆಟ್‌ಬಾಲ್‌ಗೆ ಕಳುಹಿಸುವಂತೆ ತಂದೆ ತಾಯಿಯನ್ನು ಒಪ್ಪಿಸಿದರು. ಮನೆಯ ಖರ್ಚಿಗೆ ಮಕ್ಕಳ ದುಡಿಮೆಯೂ ಬೇಕಾಗಿದ್ದ ಕುಟುಂಬಕ್ಕೆ ಈ ನಿರ್ಧಾರ ಸುಲಭದ್ದಾಗಿರಲಿಲ್ಲ.

ಸಹೋದರರು ಅಥೆನ್ಸ್‌ನ ಝೋಗ್ರಾಫು ಪ್ರದೇಶದ ಫಿಲಾಥ್ಲಿಟಿಕೊಸ್ ಕ್ಲಬ್ಬಿನಲ್ಲಿ ತರಬೇತಿಗೆ ಸೇರಿದರು. 2009ರ ಹೊತ್ತಿಗೆ ಯಾನಿಸ್ ಅಲ್ಲಿನ ಕಿರಿಯರ ತಂಡದ ಪರವಾಗಿ ಸ್ಪರ್ಧೆಗಳಲ್ಲಿ ಆಡತೊಡಗಿದರು. ಆಟದ ಬೂಟುಗಳನ್ನು ಪ್ರತ್ಯೇಕವಾಗಿ ಕೊಳ್ಳುವ ಶಕ್ತಿಯಿಲ್ಲದ ಕಾರಣ ಯಾನಿಸ್ ಮತ್ತು ಥನಾಸಿಸ್ ಒಂದೇ ಜೊತೆ ಬೂಟನ್ನು ಹಂಚಿಕೊಳ್ಳುತ್ತಿದ್ದರು. ಒಬ್ಬರು ಪಂದ್ಯ ಮುಗಿಸಿ ಬಂದ ಮೇಲೆ ಇನ್ನೊಬ್ಬರು ಅದನ್ನೇ ತೊಟ್ಟು ಅಂಗಳಕ್ಕಿಳಿಯುತ್ತಿದ್ದರು.

## ಫಿಲಾಥ್ಲಿಟಿಕೊಸ್ ಹಿರಿಯರ ತಂಡದಲ್ಲಿ

2011–12ರ ಋತುವಿನಲ್ಲಿ ಯಾನಿಸ್ ಫಿಲಾಥ್ಲಿಟಿಕೊಸ್‌ನ ಹಿರಿಯರ ತಂಡದಲ್ಲಿ ಸ್ಥಾನ ಪಡೆದರು. ತಂಡವು ಆಗ ಗ್ರೀಸಿನ ಮೂರನೆಯ ದರ್ಜೆಯ ಲೀಗ್‌ನಲ್ಲಿತ್ತು. ಆ ಋತುವಿನ ಕೊನೆಗೆ ಬಡ್ತಿ ಪಡೆದು 2012–13ರಲ್ಲಿ 'ಎ2' ಎಂದು ಕರೆಯಲಾಗುವ ಎರಡನೆಯ ದರ್ಜೆಯ ಲೀಗ್‌ಗೆ ಏರಿತು. ಆ ವರ್ಷ 26 ಪಂದ್ಯಗಳನ್ನಾಡಿದ ಯಾನಿಸ್ ಪಂದ್ಯವೊಂದಕ್ಕೆ ಸರಾಸರಿ 9.5 ಅಂಕ ಮತ್ತು 5 ರೀಬೌಂಡ್ ಗಳಿಸಿದರು. (ಗುರಿ ತಪ್ಪಿ ಹಿಂದಕ್ಕೆ ಚಿಮ್ಮಿದ ಚೆಂಡನ್ನು ಹಿಡಿದುಕೊಳ್ಳುವುದಕ್ಕೆ ರೀಬೌಂಡ್ ಎನ್ನುತ್ತಾರೆ.)

ಅಂಕಗಳ ಲೆಕ್ಕದಲ್ಲಿ ಇದು ಗಮನ ಸೆಳೆಯುವ ಸಾಧನೆಯೇನೂ ಆಗಿರಲಿಲ್ಲ. ಆದರೆ ಆ ಎತ್ತರದ ಹುಡುಗ ಚೆಂಡನ್ನು ಪುಟಿಸುತ್ತ ಅಂಗಳದ ಉದ್ದಕ್ಕೂ ಸಾಗಿ, ಜೊತೆಗಾರರಿಗೆ ನಿಖರವಾಗಿ ಒದಗಿಸುತ್ತಿದ್ದ ರೀತಿ ಅಪರೂಪದ್ದಾಗಿತ್ತು. ಸಾಮಾನ್ಯವಾಗಿ ತಂಡದ ಕುಳ್ಳಗಿನ ಆಟಗಾರರು ವಹಿಸುವ ಈ ಪಾತ್ರವನ್ನು ತರಬೇತುದಾರರು ಯಾನಿಸ್ ಅವರಿಗೂ ಕೊಟ್ಟಿದ್ದರು. ಸುದ್ದಿ ಹರಡಿದಂತೆ ಎನ್‌ಬಿಎ ತಂಡಗಳ ಪ್ರತಿನಿಧಿಗಳು ಅಥೆನ್ಸ್‌ನ ಚಿಕ್ಕ ಒಳಾಂಗಣಗಳಿಗೆ ಬಂದು ಪಂದ್ಯ ನೋಡತೊಡಗಿದರು. 2012ರ ಡಿಸೆಂಬರ್‌ನಲ್ಲಿ ಯಾನಿಸ್ ಸ್ಪೇನ್‌ನ ಸರಗೋಸಾ ಕ್ಲಬ್ಬಿನೊಂದಿಗೆ ನಾಲ್ಕು ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿದರು. ಆದರೆ ಎನ್‌ಬಿಎ ಆಯ್ಕೆಯಿಂದಾಗಿ ಆ ತಂಡದ ಪರ ಆಡುವ ಪ್ರಸಂಗ ಬರಲಿಲ್ಲ.

## 2013ರ ಎನ್‌ಬಿಎ ಡ್ರಾಫ್ಟ್

ಪ್ರತಿ ವರ್ಷ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿಗೆ ಎನ್‌ಬಿಎಯಲ್ಲಿ ಡ್ರಾಫ್ಟ್ ಎಂದು ಹೆಸರು. 2013ರ ಜೂನ್ 27ರಂದು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ನಡೆದ ಡ್ರಾಫ್ಟ್‌ನಲ್ಲಿ ಮಿಲ್ವಾಕೀ ಬಕ್ಸ್ ತಂಡವು ಯಾನಿಸ್ ಅವರನ್ನು 15ನೆಯ ಆಯ್ಕೆಯಾಗಿ ಆರಿಸಿಕೊಂಡಿತು. ದೊಡ್ಡ ಮಟ್ಟದ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಿರದ ಯುವಕನನ್ನು ಮೊದಲ ಸುತ್ತಿನಲ್ಲೇ ಆರಿಸಿಕೊಂಡದ್ದು ಸಾಹಸದ ನಿರ್ಧಾರವೆಂದು ಹಲವರು ಭಾವಿಸಿದ್ದರು. ಥನಾಸಿಸ್ ಅಂದು ಸಭಾಂಗಣದಲ್ಲಿ ತಮ್ಮನ ಜೊತೆಗಿದ್ದರು. ಜುಲೈ 30ರಂದು ಯಾನಿಸ್ ಬಕ್ಸ್ ತಂಡದೊಂದಿಗೆ ಒಪ್ಪಂದ ಮಾಡಿಕೊಂಡರು.

## ಮಿಲ್ವಾಕೀಯಲ್ಲಿ ಮೊದಲ ವರ್ಷ

ಯಾನಿಸ್ ತಮ್ಮ ಮೊದಲ ಎನ್‌ಬಿಎ ಪಂದ್ಯವನ್ನು 2013ರ ಅಕ್ಟೋಬರ್ 30ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆಡಿದರು. ಆಗ ಅವರಿಗೆ 19 ವರ್ಷ ತುಂಬಿರಲಿಲ್ಲ. ಆ ಪಂದ್ಯದಲ್ಲಿ ಗಳಿಸಿದ್ದು ಒಂದೇ ಅಂಕ.

ತಂದೆ, ತಾಯಿ ಮತ್ತು ತಮ್ಮಂದಿರು ಆಗಿನ್ನೂ ಅಥೆನ್ಸ್‌ನಲ್ಲಿದ್ದರು. ಅವರಿಗೆ ಅಮೆರಿಕದ ವೀಸಾ ದೊರೆಯುವುದು ತಡವಾಯಿತು. ಕೈಯಲ್ಲಿದ್ದ ಹಣವನ್ನೆಲ್ಲ ಊರಿಗೆ ಕಳುಹಿಸಿದ ಯಾನಿಸ್ ಅವರ ಬಳಿ ಒಂದು ದಿನ ಕ್ರೀಡಾಂಗಣಕ್ಕೆ ಹೋಗಲು ಟ್ಯಾಕ್ಸಿಯ ಹಣವೂ ಉಳಿಯಲಿಲ್ಲ. ತಣ್ಣನೆಯ ಗಾಳಿಯಲ್ಲಿ ತೆಳು ಅಂಗಿ ತೊಟ್ಟು ಓಡುತ್ತಿದ್ದ ಅವರನ್ನು ಗುರುತಿಸಿದ ದಂಪತಿಯೊಬ್ಬರು ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಕ್ರೀಡಾಂಗಣಕ್ಕೆ ತಲುಪಿಸಿದರು. ಈ ಪ್ರಸಂಗವು ಮಿಲ್ವಾಕೀಯ ಕ್ರೀಡಾಭಿಮಾನಿಗಳಲ್ಲಿ ಇಂದಿಗೂ ಪ್ರಚಲಿತವಾಗಿದೆ. ಕುಟುಂಬವು 2014ರಲ್ಲಿ ಅವರನ್ನು ಕೂಡಿಕೊಂಡಿತು.

ಆ ಋತುವಿನ 82 ಪಂದ್ಯಗಳಲ್ಲಿ ಬಕ್ಸ್ ಗೆದ್ದದ್ದು 15 ಮಾತ್ರ; ಇಡೀ ಎನ್‌ಬಿಎಯಲ್ಲಿ ಅದೇ ಅತ್ಯಂತ ಕಳಪೆ ಸಾಧನೆ. ಆದರೆ ಸೋಲುಗಳ ನಡುವೆ ಹೊಸಬರಿಗೆ ಆಡುವ ಅವಕಾಶ ಹೆಚ್ಚಾಗಿ ದೊರೆಯಿತು. ಯಾನಿಸ್ 77 ಪಂದ್ಯಗಳಲ್ಲಿ ಆಡಿ ಸರಾಸರಿ 6.8 ಅಂಕ ಹಾಗೂ 4.4 ರೀಬೌಂಡ್ ಗಳಿಸಿದರು ಮತ್ತು ವರ್ಷದ ಹೊಸ ಆಟಗಾರರ ಎರಡನೆಯ ತಂಡಕ್ಕೆ ಆಯ್ಕೆಯಾದರು. ಡ್ರಾಫ್ಟ್‌ನ ನಂತರವೂ ಅವರ ಎತ್ತರ ಬೆಳೆಯುತ್ತಲೇ ಹೋಗಿ, 6 ಅಡಿ 9 ಅಂಗುಲದಿಂದ 6 ಅಡಿ 11 ಅಂಗುಲಕ್ಕೆ ಮುಟ್ಟಿತು.

## ಏಳಿಗೆ (2014–2017)

2014ರಲ್ಲಿ ಬಕ್ಸ್ ತಂಡದ ಮುಖ್ಯ ತರಬೇತುದಾರರಾಗಿ ಜೇಸನ್ ಕಿಡ್ ಬಂದರು. ಎನ್‌ಬಿಎಯ ಶ್ರೇಷ್ಠ ಪಾಯಿಂಟ್ ಗಾರ್ಡ್‌ಗಳಲ್ಲಿ ಒಬ್ಬರಾಗಿದ್ದ ಕಿಡ್, ಚೆಂಡನ್ನು ಮುನ್ನಡೆಸುವ ಹೊಣೆಯನ್ನು ಯಾನಿಸ್ ಅವರಿಗೆ ಕ್ರಮೇಣ ಒಪ್ಪಿಸಿದರು. ಅಥೆನ್ಸ್‌ನಲ್ಲಿ ಕಲಿತ ಆಟವೇ ಇಲ್ಲಿ ದೊಡ್ಡ ಪ್ರಮಾಣದಲ್ಲಿ ಉಪಯೋಗಕ್ಕೆ ಬಂತು. ಹಿಂದಿನ ವರ್ಷ 15 ಪಂದ್ಯ ಗೆದ್ದಿದ್ದ ತಂಡವು 2014–15ರಲ್ಲಿ 41 ಪಂದ್ಯಗಳನ್ನು ಗೆದ್ದು ಪ್ಲೇಆಫ್ ಹಂತ ತಲುಪಿತು.

ಪಂದ್ಯವೊಂದರಲ್ಲಿ ಅವರ ಸರಾಸರಿ ಗಳಿಕೆ ವರ್ಷದಿಂದ ವರ್ಷಕ್ಕೆ ಹೀಗೆ ಏರಿತು:

- 2013–14: 6.8 ಅಂಕ, 4.4 ರೀಬೌಂಡ್
- 2014–15: 12.7 ಅಂಕ, 6.7 ರೀಬೌಂಡ್
- 2015–16: 16.9 ಅಂಕ, 7.7 ರೀಬೌಂಡ್
- 2016–17: 22.9 ಅಂಕ, 8.8 ರೀಬೌಂಡ್

2016ರ ಫೆಬ್ರವರಿ 22ರಂದು ಲಾಸ್ ಏಂಜಲೀಸ್ ಲೇಕರ್ಸ್ ವಿರುದ್ಧ 27 ಅಂಕ, 12 ರೀಬೌಂಡ್ ಮತ್ತು 10 ಅಸಿಸ್ಟ್‌ಗಳೊಂದಿಗೆ ಅವರು ತಮ್ಮ ಮೊದಲ 'ಟ್ರಿಪಲ್ ಡಬಲ್' ಸಾಧಿಸಿದರು. (ಜೊತೆಗಾರ ಅಂಕ ಗಳಿಸುವಂತೆ ಚೆಂಡು ಒದಗಿಸುವುದು ಅಸಿಸ್ಟ್, ಮೂರು ವಿಭಾಗಗಳಲ್ಲಿ ಎರಡಂಕಿಯ ಗಳಿಕೆ ಟ್ರಿಪಲ್ ಡಬಲ್.) ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಕ್ಸ್ ತಂಡವು ಅವರೊಂದಿಗೆ ನಾಲ್ಕು ವರ್ಷಗಳಿಗೆ 10 ಕೋಟಿ ಡಾಲರ್ ಮೊತ್ತದ ಒಪ್ಪಂದ ಮಾಡಿಕೊಂಡಿತು.

2016–17ರ ಋತು ಅವರ ವೃತ್ತಿಜೀವನದ ತಿರುವು ಎನ್ನಬಹುದು. ಒಟ್ಟು ಅಂಕ, ರೀಬೌಂಡ್, ಅಸಿಸ್ಟ್, ಸ್ಟೀಲ್ ಮತ್ತು ಬ್ಲಾಕ್ ಎಂಬ ಐದೂ ವಿಭಾಗಗಳಲ್ಲಿ ಒಂದೇ ಋತುವಿನಲ್ಲಿ ಮೊದಲ 20 ಸ್ಥಾನಗಳೊಳಗೆ ಬಂದ ಪ್ರಥಮ ಎನ್‌ಬಿಎ ಆಟಗಾರ ಅವರಾದರು. 2017ರ ಜನವರಿ 4ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಅಂದರೆ ಮೂರು ವರ್ಷಗಳ ಹಿಂದೆ ಒಂದೇ ಅಂಕ ಗಳಿಸಿದ್ದ ಅದೇ ಅಂಗಳದಲ್ಲಿ, ಸಮಯ ಮುಗಿಯುವ ಕ್ಷಣದಲ್ಲಿ ಚೆಂಡನ್ನು ಬುಟ್ಟಿಗೆ ಹಾಕಿ ನ್ಯೂಯಾರ್ಕ್ ನಿಕ್ಸ್ ವಿರುದ್ಧ 105–104ರ ಗೆಲುವು ತಂದುಕೊಟ್ಟರು. ಆ ವರ್ಷ ಮೊದಲ ಬಾರಿಗೆ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದರು ಹಾಗೂ ಅತ್ಯಂತ ಸುಧಾರಿಸಿದ ಆಟಗಾರ ಪ್ರಶಸ್ತಿಯನ್ನು ಪಡೆದರು. ಈ ಏಳಿಗೆಯ ನಡುವೆಯೇ, 2017ರ ಸೆಪ್ಟೆಂಬರ್‌ನಲ್ಲಿ ತಂದೆ ಚಾರ್ಲ್ಸ್ 54ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದರು.

## ಆಟದ ಶೈಲಿ

ಬ್ಯಾಸ್ಕೆಟ್‌ಬಾಲ್‌ನಲ್ಲಿ ಎತ್ತರದ ಆಟಗಾರರು ಬುಟ್ಟಿಯ ಸಮೀಪದಲ್ಲಿಯೂ, ಚುರುಕಾದ ಕುಳ್ಳಗಿನವರು ಚೆಂಡಿನ ನಿಯಂತ್ರಣದಲ್ಲಿಯೂ ತೊಡಗುವುದು ವಾಡಿಕೆ. ಯಾನಿಸ್ ಈ ಎರಡೂ ಕೆಲಸಗಳನ್ನು ಮಾಡಬಲ್ಲವರು. ಉದ್ದನೆಯ ಹೆಜ್ಜೆಗಳಿಂದಾಗಿ ಅಂಗಳದ ಒಂದು ತುದಿಯಿಂದ ಇನ್ನೊಂದು ತುದಿಗೆ ಕೆಲವೇ ಬಾರಿ ಚೆಂಡು ಪುಟಿಸಿ ತಲುಪುವುದು, ಎದುರಾಳಿಗಳ ನಡುವೆ ನುಗ್ಗಿ ಬುಟ್ಟಿಯವರೆಗೂ ಸಾಗುವುದು ಅವರ ಆಟದ ಮುಖ್ಯ ಲಕ್ಷಣ. ರಕ್ಷಣೆಯಲ್ಲಿ ಎದುರಾಳಿಯ ಎಸೆತಗಳನ್ನು ತಡೆಯುವುದರಲ್ಲಿಯೂ ಅವರು ನಿಪುಣರು. ದೂರದ ಎಸೆತ ಮತ್ತು ಫ್ರೀ ಥ್ರೋಗಳು ಅವರ ದುರ್ಬಲ ಅಂಶಗಳೆಂದು ವಿಮರ್ಶಕರು ಗುರುತಿಸುತ್ತಾರೆ. ಫ್ರೀ ಥ್ರೋ ಎಸೆಯುವ ಮುನ್ನ ಅವರು ತೆಗೆದುಕೊಳ್ಳುವ ದೀರ್ಘ ಸಮಯವನ್ನು ಎದುರಾಳಿ ತಂಡದ ಪ್ರೇಕ್ಷಕರು ಗಟ್ಟಿಯಾಗಿ ಎಣಿಸಿ ಕೆಣಕುವುದುಂಟು.

## ಉನ್ನತ ಸಾಧನೆಗಳು

2018–19ರಲ್ಲಿ ಸರಾಸರಿ 27.7 ಅಂಕ ಗಳಿಸಿದ ಯಾನಿಸ್, ತಂಡಕ್ಕೆ 60 ಗೆಲುವುಗಳನ್ನು ತಂದುಕೊಟ್ಟು ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದರು. ಮರುವರ್ಷ ಅದೇ ಪ್ರಶಸ್ತಿಯ ಜೊತೆಗೆ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿಯೂ ಅವರದಾಯಿತು. ಒಂದೇ ಋತುವಿನಲ್ಲಿ ಈ ಎರಡನ್ನೂ ಪಡೆದವರು ಅವರಿಗಿಂತ ಮೊದಲು ಮೈಕೆಲ್ ಜೋರ್ಡನ್ ಮತ್ತು ಹಕೀಮ್ ಒಲಾಜುವಾನ್ ಮಾತ್ರ. ಒಲಾಜುವಾನ್ ಅವರೂ ಲಾಗೋಸ್‌ನಲ್ಲಿ ಹುಟ್ಟಿದವರು.

2021ರ ಫೈನಲ್ ಸರಣಿಯಲ್ಲಿ ಬಕ್ಸ್ ತಂಡವು ಫೀನಿಕ್ಸ್ ಸನ್ಸ್ ವಿರುದ್ಧ ಮೊದಲೆರಡು ಪಂದ್ಯಗಳನ್ನು ಸೋತಿತ್ತು. ನಂತರದ ನಾಲ್ಕನ್ನೂ ಸತತವಾಗಿ ಗೆದ್ದು 4–2ರಿಂದ ಸರಣಿಯನ್ನು ತನ್ನದಾಗಿಸಿಕೊಂಡಿತು. ಜುಲೈ 20ರಂದು ನಡೆದ ಆರನೆಯ ಪಂದ್ಯದಲ್ಲಿ ಯಾನಿಸ್ 50 ಅಂಕ, 14 ರೀಬೌಂಡ್ ಮತ್ತು 5 ಬ್ಲಾಕ್ ಗಳಿಸಿದರು. ದುರ್ಬಲವೆಂದು ಟೀಕೆಗೊಳಗಾಗಿದ್ದ ಫ್ರೀ ಥ್ರೋಗಳಲ್ಲಿ ಅಂದು 19ರಲ್ಲಿ 17 ಬುಟ್ಟಿ ಸೇರಿದವು. 1971ರ ನಂತರ ಬಕ್ಸ್ ತಂಡಕ್ಕೆ ದೊರೆತ ಮೊದಲ ಚಾಂಪಿಯನ್ ಪಟ್ಟ ಇದು. ಫೈನಲ್ ಸರಣಿಯ ಅತ್ಯಮೂಲ್ಯ ಆಟಗಾರರಾಗಿ ಯಾನಿಸ್ ಆಯ್ಕೆಯಾದರು.

## ಗ್ರೀಸ್ ರಾಷ್ಟ್ರೀಯ ತಂಡ

ಪೌರತ್ವ ದೊರೆತ ಕೆಲವೇ ವಾರಗಳಲ್ಲಿ, 2013ರ ಜುಲೈನಲ್ಲಿ, ಎಸ್ಟೋನಿಯಾದಲ್ಲಿ ನಡೆದ 20 ವರ್ಷದೊಳಗಿನವರ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಯಾನಿಸ್ ಗ್ರೀಸ್ ಪರವಾಗಿ ಆಡಿದರು. 2014ರ ವಿಶ್ವಕಪ್‌ನಲ್ಲಿ ಹಿರಿಯರ ರಾಷ್ಟ್ರೀಯ ತಂಡದಲ್ಲಿದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಗ್ರೀಸ್ ಪುರುಷರ ತಂಡವು 2008ರ ನಂತರ ಮೊದಲ ಬಾರಿಗೆ ಅರ್ಹತೆ ಪಡೆದಾಗ, ಉದ್ಘಾಟನಾ ಸಮಾರಂಭದಲ್ಲಿ ದೇಶದ ಧ್ವಜ ಹಿಡಿಯುವ ಗೌರವ ನಡಿಗೆ ಸ್ಪರ್ಧಿ ಆಂಟಿಗೊನಿ ಡ್ರಿಸ್ಬಿಯೋಟಿ ಅವರೊಂದಿಗೆ ಯಾನಿಸ್ ಅವರಿಗೆ ದೊರೆಯಿತು. 2025ರ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಗ್ರೀಸ್ ಕಂಚಿನ ಪದಕ ಗೆದ್ದಿತು.

## ಸಹೋದರರು

ಯಾನಿಸ್ ಅವರ ಸಹೋದರರಲ್ಲಿ ಮೂವರು ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ಗೆ ಬಂದರು. ಕೋಸ್ಟಾಸ್ 2020ರಲ್ಲಿ ಲೇಕರ್ಸ್ ತಂಡದ ಸದಸ್ಯರಾಗಿ ಚಾಂಪಿಯನ್ ಪಟ್ಟ ಪಡೆದರು. ಥನಾಸಿಸ್ 2021ರ ವಿಜೇತ ಬಕ್ಸ್ ತಂಡದಲ್ಲಿ ಯಾನಿಸ್ ಅವರೊಂದಿಗಿದ್ದರು. ಮೂವರು ಸಹೋದರರು ಎನ್‌ಬಿಎ ಚಾಂಪಿಯನ್‌ಗಳಾದ ಮೊದಲ ನಿದರ್ಶನ ಇದು. ಕಿರಿಯವರಾದ ಅಲೆಕ್ಸ್ ಕೂಡ ಆಟಗಾರರು.

## ಪ್ರಭಾವ

ಯಾನಿಸ್ ಅವರ ಯಶಸ್ಸು ಗ್ರೀಸಿನಲ್ಲಿ ವಲಸಿಗರ ಮಕ್ಕಳ ಸ್ಥಾನಮಾನದ ಚರ್ಚೆಗೆ ಹೊಸ ಗಮನ ತಂದಿತು. ಪ್ರಸಿದ್ಧ ಆಟಗಾರನಿಗೆ ಬೇಗ ದೊರೆತ ಪೌರತ್ವವು, ಅವರಂತೆಯೇ ಅಲ್ಲಿ ಹುಟ್ಟಿ ಬೆಳೆದ ಸಾವಿರಾರು ಸಾಮಾನ್ಯ ಯುವಕ ಯುವತಿಯರಿಗೆ ದೊರೆತಿಲ್ಲ ಎಂಬುದನ್ನು ವಲಸಿಗರ ಹಕ್ಕುಗಳ ಪರವಾದವರು ಎತ್ತಿ ತೋರಿಸಿದರು. ಸೆಪೋಲಿಯಾದಲ್ಲಿ ಸಹೋದರರು ಆಡಿ ಬೆಳೆದ ಆಟದಂಗಳದ ನೆಲದ ಮೇಲೆ ಯಾನಿಸ್ ಅವರ ಬೃಹತ್ ಚಿತ್ರವನ್ನು ಬಿಡಿಸಲಾಯಿತು. ಕುಟುಂಬದ ಬದುಕನ್ನು ಆಧರಿಸಿದ 'ರೈಸ್' ಎಂಬ ಚಲನಚಿತ್ರವು ಅಕಿನ್ ಒಮೊಟೊಸೊ ಅವರ ನಿರ್ದೇಶನದಲ್ಲಿ 2022ರಲ್ಲಿ ಬಿಡುಗಡೆಯಾಯಿತು.

ತಾಯಿ ವೆರೋನಿಕಾ ಮತ್ತು ಕಿರಿಯ ತಮ್ಮ ಅಲೆಕ್ಸ್ ಅವರಿಗೆ ಗ್ರೀಕ್ ಪೌರತ್ವ ದೊರೆತದ್ದು 2021ರ ಸೆಪ್ಟೆಂಬರ್‌ನಲ್ಲಿ. ವೆರೋನಿಕಾ ಅವರು ಗ್ರೀಸಿಗೆ ಬಂದು ಆಗ 30 ವರ್ಷಗಳಾಗಿದ್ದವು.

## ಪ್ರಮುಖ ಪ್ರಶಸ್ತಿಗಳು

- ಎನ್‌ಬಿಎ ಅತ್ಯಂತ ಸುಧಾರಿಸಿದ ಆಟಗಾರ: 2017
- ಎನ್‌ಬಿಎ ಅತ್ಯಮೂಲ್ಯ ಆಟಗಾರ: 2019, 2020
- ಎನ್‌ಬಿಎ ಶ್ರೇಷ್ಠ ರಕ್ಷಣಾ ಆಟಗಾರ: 2020
- ಎನ್‌ಬಿಎ ಚಾಂಪಿಯನ್: 2021
- ಎನ್‌ಬಿಎ ಫೈನಲ್ ಸರಣಿಯ ಅತ್ಯಮೂಲ್ಯ ಆಟಗಾರ: 2021